ಅದು ಸಂತ ಫ್ರಾನ್ಸಿಸರ ಮಾತಲ್ಲ

‘ಸದಾ ಸುವಾರ್ತೆ ಸಾರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿ.’ ಸುವಾರ್ತೆ ಅಂದರೆ ಯೇಸುವಿನ ಶುಭಸಂದೇಶ. ಇಟಲಿಯ ಕ್ರೈಸ್ತ ಸನ್ಯಾಸಿ, ಅಸ್ಸಿಸಿಯ ಸಂತ ಫ್ರಾನ್ಸಿಸರು ಹೀಗೆ ಹೇಳಿದ್ದರು ಅನ್ನೋ ಪೋಸ್ಟ್ ಮತ್ತೆ ಮತ್ತೆ ಹರಿದಾಡುತ್ತಿದೆ. ಅವರ ಬರಹಗಳಲ್ಲಿ ಈ ಸಾಲಿಲ್ಲ. ಅವರ ಕಾಲಕ್ಕೆ ಹತ್ತಿರದ ಜೀವನಚರಿತ್ರೆಗಳಲ್ಲೂ ಇಲ್ಲ.

ಹತ್ತಿರದ ಮಾತೊಂದು ಇದೆ, ನಿಜ. 1221ರಲ್ಲಿ ಅವರು ತಮ್ಮ ಸಂಘದ ಸನ್ಯಾಸಿ ಸಹೋದರರಿಗೆ ಕೊಟ್ಟ ನಿಯಮದ 17ನೇ ಅಧ್ಯಾಯದಲ್ಲಿ, ಎಲ್ಲರೂ ತಮ್ಮ ನಡತೆಯಿಂದ ಸಾರಲಿ ಎಂದಿದೆ. ಆದರೆ ಬಾಯಿ ಬಿಟ್ಟು ಬೋಧಿಸುವುದು ಬೇಡ ಎಂದಿಲ್ಲ. ಹಾಗೆ ಬೋಧಿಸುವವರು ಹೇಗಿರಬೇಕು ಎಂದೂ ಅಲ್ಲೇ ಹೇಳಿದೆ. 16ನೇ ಅಧ್ಯಾಯ ಇನ್ನೂ ಸ್ಪಷ್ಟ. ಮುಸ್ಲಿಮರ ನಡುವೆ ಹೋಗುವ ಸಹೋದರರಿಗೆ ಅದು ಎರಡು ದಾರಿ ತೋರಿಸುತ್ತದೆ. ಒಂದು, ವಾದ ಜಗಳಕ್ಕೆ ಇಳಿಯದೆ, ದೇವರಿಗಾಗಿ ಎಲ್ಲರಿಗೂ ತಗ್ಗಿ ನಡೆಯುವುದು, ತಾವು ಕ್ರೈಸ್ತರೆಂದು ಹೇಳಿಕೊಳ್ಳುವುದು. ಇನ್ನೊಂದು, ದೇವರಿಗೆ ಮೆಚ್ಚಿಕೆ ಎಂದು ಕಂಡಾಗ ಆತನ ವಾಕ್ಯವನ್ನು ಸಾರುವುದು. ಮೊದಲ ದಾರಿಯಲ್ಲೂ ಬಾಯಿಮಾತಿನ ಸಾಕ್ಷಿ ಇದೆ, ಅಲ್ವಾ?

ಫ್ರಾನ್ಸಿಸರು ಸುಮ್ನೆ ಇದ್ದವರೂ ಅಲ್ಲ. ಕುಷ್ಠರೋಗಿಗಳ ಸೇವೆ ಮಾಡಿದ ಅವರೇ ಊರೂರು ಸುತ್ತಿ ಬೋಧಿಸಿದರು. 1219ರಲ್ಲಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನನ್ನೂ ಭೇಟಿಯಾದರು.

ಹಂಚುವವರ ಮನಸ್ಸು ಒಳ್ಳೆಯದೇ. ಬಾಯಲ್ಲಿ ಒಂದು, ನಡತೆಯಲ್ಲಿ ಒಂದು ಇರಬಾರದು ಎಂಬ ಕಾಳಜಿ ನನಗೂ ಜಾಸ್ತಿಯೇ ಇದೆ. ಆ ಸಾಲು ಇಷ್ಟವಾದರೆ ಅವರ ಹೆಸರು ತೆಗೆದು ಹಂಚಿ.