ಸುತ್ತಲೂ ಸಮುದ್ರ, ತಟ್ಟೆಯಲ್ಲಿ ಪನೀರ್

ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ 2018ರ ಡಿಸೆಂಬರ್‌ವರೆಗೆ ಹ್ಯಾವ್ಲಾಕ್ ಎಂದು ಕರೆಸಿಕೊಳ್ಳುತ್ತಿದ್ದ ದ್ವೀಪದಲ್ಲಿ, ಅಲೆಗಳ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದ ಊಟದ ಹಾಲ್‌ನಲ್ಲಿ ಕುಳಿತು ಕಳೆದ ಡಿಸೆಂಬರಿನಲ್ಲಿ ನಾನು ತಿಂದದ್ದು ಪನೀರ್ ಬಟರ್ ಮಸಾಲ, ಜೀರಾ ರೈಸ್, ದಾಲ್ ಫ್ರೈ ಮತ್ತು ಗೋಬಿ ಮಂಚೂರಿ. ಅದರ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲಿಯೂ ತಿಂದದ್ದು ಅದನ್ನೇ. ಆ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೊಸ ಹೆಸರು ಬಂದಿದೆ. ಹೋಟೆಲುಗಳ ಬಫೆಯಲ್ಲಿ ಹೊಸದಾಗಿ ಏನೂ ಬಂದಂತೆ ಕಾಣಲಿಲ್ಲ.

ನಾನು ಕುಂದಾಪುರದ ಕಡೆಯವನು. ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಮನೆಯಲ್ಲಿ ಅಮ್ಮ, ಹೆಂಡತಿ, ಹನ್ನೊಂದು ವರ್ಷದ ಮಗ. ಎರಡು ವರ್ಷ ಹಣ ಕೂಡಿಟ್ಟು ಹೊರಟ ಪ್ರವಾಸವಿದು. ಅಂಡಮಾನನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಬಿಳಿ ಮರಳಾಗಲಿ, ಹವಳದ ದಿಬ್ಬವಾಗಲಿ ಅಲ್ಲ. ಅಲ್ಲಿನ ಮೀನು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಂಗಳೂರಿನಲ್ಲಿ ಐಸಿನ ಮೇಲೆ ಎಷ್ಟು ದಿನ ಮಲಗಿತ್ತೋ ತಿಳಿಯದ ಅಂಜಲ್ ಮೀನನ್ನು ಕೊಂಡು ತಿನ್ನುವವನಿಗೆ, ಬೆಳಿಗ್ಗೆ ಹಿಡಿದು ಮಧ್ಯಾಹ್ನ ಬೇಯಿಸಿದ ಮೀನು ಎಂದರೆ ಏನು ಎಂಬುದು ನಮ್ಮ ಕರಾವಳಿ ಕಡೆಯವರಿಗೆ ಮಾತ್ರ ಗೊತ್ತು.

ತಪ್ಪು ನಡೆದದ್ದು ಬೆಂಗಳೂರಿನಲ್ಲಿಯೇ, ಟ್ರಾವೆಲ್ಸ್‌ನವರ ಮೇಜಿನ ಎದುರು. ಈ ದಂಧೆಯಲ್ಲಿ ಕೋಣೆ ಮಾತ್ರವಾದರೆ ಇಪಿ, ತಿಂಡಿ ಸೇರಿದರೆ ಸಿಪಿ, ತಿಂಡಿಯ ಜೊತೆ ರಾತ್ರಿಯ ಊಟವೂ ಸೇರಿದರೆ ಎಂಎಪಿ, ಮೂರು ಹೊತ್ತೂ ಸೇರಿದರೆ ಎಪಿ ಎಂದು ಕರೆಯುತ್ತಾರೆ. ನಮಗೆ ಹೊಂದಿಸಿದ್ದು ಎಂಎಪಿ. ರಾತ್ರಿಯ ಊಟ ಬೇಡ, ಅಲ್ಲಿನ ಅಂಗಡಿ ಬೀದಿಯಲ್ಲಿ ತಿನ್ನುತ್ತೇವೆ ಎಂದಾಗ ಎದುರಿಗಿದ್ದ ಯುವಕ ನನ್ನನ್ನು ಕನಿಕರದಿಂದ ನೋಡಿ, "ಸರ್, ಅದು ದ್ವೀಪ. ಹೊರಗಡೆ ಏನೂ ಸಿಗುವುದಿಲ್ಲ. ವಯಸ್ಸಾದವರು, ಮಕ್ಕಳು ಬೇರೆ ಇದ್ದಾರೆ" ಎಂದ. ವಯಸ್ಸಾದವರು ಎಂಬ ಆ ಒಂದು ಮಾತಿಗೆ ಹೆದರಿ ನಾನು ನಾಲ್ವರ ಐದು ರಾತ್ರಿಗಳ ಊಟಕ್ಕೆ ಮುಂಗಡವಾಗಿ ಹಣ ಕಟ್ಟಿದೆ. ಹೊರಗಡೆ ಏನೂ ಸಿಗುವುದಿಲ್ಲ ಎಂಬುದು ಎಂಥ ಹಸಿ ಸುಳ್ಳು ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಆ ಸುಳ್ಳಿಗೆ ನಾನು ತೆತ್ತ ಬೆಲೆಯೇ ಈ ಬರಹಕ್ಕೆ ಕಾರಣ.

ಮೊದಲು ಆ ಬಫೆಯ ವಿಷಯಕ್ಕೆ ಬರುತ್ತೇನೆ. ಅಂಡಮಾನಿನಲ್ಲಿ ಹಾಲೇ ಕಡಿಮೆ. ಹೆಚ್ಚಿನ ಕಡೆ ಚಹಾ ಕೂಡ ಹಾಲಿನ ಪುಡಿಯದು. ಚೆನ್ನೈನಿಂದ ಸುಮಾರು 1,200 ಕಿಲೋಮೀಟರ್ ಸಮುದ್ರ ದಾಟಿ, ಹಡಗಿನಲ್ಲಿ ಎರಡೂವರೆ ಮೂರು ದಿನ ಕಳೆದು ಈರುಳ್ಳಿ, ಆಲೂಗೆಡ್ಡೆಗಳು ಬರುವ ಊರಿನಲ್ಲಿ ದಿನವೂ ಪನೀರ್ ಬೇಯಿಸಬೇಕು ಎಂಬ ಯೋಚನೆ ಯಾವ ತಲೆಗೆ ಹೊಳೆಯಿತೋ ತಿಳಿಯದು. ಆ ಪನೀರ್ ಹೇಗಿತ್ತೆಂದರೆ, ಸ್ಟೀಲ್ ಮುಚ್ಚಳ ಎತ್ತಿದಾಗ ಕೆಂಪು ಬಣ್ಣದ ಎಣ್ಣೆಯ ಮೇಲೆ ತೇಲುತ್ತಿದ್ದ ತುಂಡುಗಳ ಅಂಚು ರಬ್ಬರಿನಂತೆ ಹೊಳೆಯುತ್ತಿತ್ತು; ಚಮಚದಿಂದ ಒತ್ತಿದರೆ ತುಂಡು ಮುರಿಯದೆ ಜಾರಿ ಪಕ್ಕಕ್ಕೆ ಸರಿಯುತ್ತಿತ್ತು. ಮಗ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಜಗಿದು, ಕೊನೆಗೆ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ.

ಇರಲಿ, ಸಸ್ಯಾಹಾರಿಗಳಿಗೂ ಏನಾದರೂ ಬೇಕಲ್ಲ ಎಂದು ಸುಮ್ಮನಾದೆ. ಆದರೆ ಅದೇ ಸಾಲಿನ ಕೊನೆಯಲ್ಲಿ ಫಿಶ್ ಫಿಂಗರ್ ಎಂದು ಚೀಟಿ ಇಟ್ಟಿದ್ದ ಪಾತ್ರೆಯಿತ್ತು. ಒಂದು ತುಂಡು ಬಾಯಿಗಿಟ್ಟ ಕೂಡಲೇ ಅಮ್ಮ ನನ್ನ ಮುಖ ನೋಡಿದರು. ಉಪ್ಪುನೀರಿನ ಮೀನಿನ ರುಚಿಯ ಸುಳಿವೇ ಅದರಲ್ಲಿರಲಿಲ್ಲ. ನೆನೆದ ಹತ್ತಿಯನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದಂತಿತ್ತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಹಿಂಬದಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು ಬಿದ್ದಿದ್ದವು, ಅವುಗಳ ಮೇಲೆ ಬಾಸಾ ಫಿಲೆಟ್ ಎಂದು ಬರೆದಿತ್ತು. ಬಾಸಾ ಎಂದರೆ ವಿಯೆಟ್ನಾಂನ ಮೆಕಾಂಗ್ ನದಿಯ ಬಯಲಿನಲ್ಲಿ ಕೊಳ ಕಟ್ಟಿ ಸಾಕಿ, ಚರ್ಮ ಮತ್ತು ಮುಳ್ಳು ತೆಗೆದು, ಹೆಪ್ಪುಗಟ್ಟಿಸಿ ದೇಶದೇಶಗಳಿಗೆ ಕಳಿಸುವ ಸಿಹಿನೀರಿನ ಮೀನು. ಬಂಗಾಳ ಕೊಲ್ಲಿಗೂ ಅಂಡಮಾನ್ ಸಮುದ್ರಕ್ಕೂ ನಡುವೆ, ಸುರಮೈಯಿಂದ ಟ್ಯೂನಾದವರೆಗೆ ಎಲ್ಲ ಮೀನೂ ಸಿಗುವ ನೀರಿನ ಮಧ್ಯೆ ಇರುವ ದ್ವೀಪದಲ್ಲಿ, ನಮ್ಮೂರಿನ ಐದು ತಲೆಮಾರು ಮೀನು ತಿಂದ ಮನೆತನದ ಹೆಂಗಸಿಗೆ ನದಿಯ ಮೀನನ್ನು ಬಡಿಸಿದವರನ್ನು ಏನೆಂದು ಕರೆಯಬೇಕು ಎಂದು ನನಗೆ ಇನ್ನೂ ತೋಚಿಲ್ಲ.

ತಾಜಾ ಮೀನು ಇರಲೇ ಇಲ್ಲವೆಂದಲ್ಲ. ಅದು ಪ್ಯಾಕೇಜಿನ ಹೊರಗಿತ್ತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಅಲ್ಲಿ ಸೂರ್ಯ ಮುಳುಗುತ್ತಾನೆ, ಏಕೆಂದರೆ ನಮ್ಮ ಗಡಿಯಾರ ನಡೆಯುವುದು ಮುಖ್ಯಭೂಮಿಯ ರೇಖಾಂಶದ ಲೆಕ್ಕದಲ್ಲಿ, ಆ ದ್ವೀಪಗಳಿರುವುದು ಅದಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕೆ. ಆರಕ್ಕೆ ಕಗ್ಗತ್ತಲು, ಹೊಟ್ಟೆ ಚುರುಗುಟ್ಟುತ್ತದೆ, ಬಫೆ ತೆರೆಯುವುದು ಎಂಟಕ್ಕೆ. ಈ ಎರಡು ಗಂಟೆಗಳ ಹಸಿವನ್ನು ಬಲ್ಲವರು ಮರಳಿನ ಮೇಲೆ ಮೇಜು ಹಾಕಿ, ಮೇಣದ ಬತ್ತಿ ಹಚ್ಚಿ, ಐಸು ತುಂಬಿದ ಟ್ರೇಯಲ್ಲಿ ಮೀನು ಇಟ್ಟುಕೊಂಡು ಬರುತ್ತಾರೆ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ಎಪಿಎಸ್ ಎಂಬ ಮೂರು ಅಕ್ಷರಗಳು, ಅಂದರೆ ಗಾತ್ರ ನೋಡಿ ಬೆಲೆ. ನಮ್ಮ ಕರಾವಳಿಯ ಹೋಟೆಲುಗಳೂ ಈ ಆಟ ಆಡುತ್ತವೆ ಎಂಬುದನ್ನು ಮರೆಮಾಚುವುದಿಲ್ಲ. ಆದರೆ ನಮ್ಮ ಕಡೆ ಮೀನು ತೋರಿಸಿ ಬೆಲೆ ಹೇಳಿದ ಮೇಲೆಯೇ ಕಾವಲಿಗೆ ಹಾಕುತ್ತಾರೆ.

ಹ್ಯಾವ್ಲಾಕಿನಲ್ಲಿ ನಾನು ಒಂದು ರೆಡ್ ಸ್ನ್ಯಾಪರ್ ಮೀನು ತೋರಿಸಿದೆ. ಕಣ್ಣು ಸ್ವಲ್ಪ ಒಳಗಿಳಿದಿತ್ತು. ಕಿವಿರು ಎತ್ತಿ ನೋಡುತ್ತೇನೆ ಎಂದು ಕೈ ಚಾಚಿದಾಗ ಟ್ರೇ ಹಿಡಿದಿದ್ದ ಹುಡುಗ ಒಂದು ಹೆಜ್ಜೆ ಹಿಂದೆ ಸರಿದು, "ಮಾರ್ನಿಂಗ್ ಕ್ಯಾಚ್ ಸರ್" ಎಂದು ನಕ್ಕ. ಬೆಲೆ ಕೇಳಿದರೆ ತೂಕ ಮಾಡಿ ಹೇಳುತ್ತೇವೆ ಎಂದ. ತಕ್ಕಡಿ ಅಡುಗೆಮನೆಯ ಒಳಗಿತ್ತು, ಮೀನು ಒಳಗೆ ಹೋಯಿತು, ಮತ್ತೆ ನಮ್ಮ ಮುಂದೆ ಬಂದದ್ದು ಬೆಂದು ಕಪ್ಪಾಗಿ. ಮುಕ್ಕಾಲು ಕಿಲೋ ದಾಟುವುದಿಲ್ಲ ಎಂದು ಅಮ್ಮ ಕಣ್ಣಳತೆಯಲ್ಲಿ ಹೇಳಿದ್ದ ಮೀನು ಬಿಲ್ಲಿನಲ್ಲಿ 1.3 ಕಿಲೋ ಆಗಿತ್ತು. ಮೀನಿನ ರಾಶಿಯ ಮುಂದೆ ಕುಳಿತು ವ್ಯಾಪಾರ ಮಾಡಿ ನನ್ನನ್ನು ಓದಿಸಿದವರು ಅಮ್ಮ; ಅವರ ಕಣ್ಣಳತೆ ಐವತ್ತು ಗ್ರಾಂ ಆಚೀಚೆಯಾಗಬಹುದೇ ಹೊರತು ಅರ್ಧ ಕಿಲೋ ಅಲ್ಲ.

ಬಿಲ್ಲಿನ ಕೆಳಗೆ ಶೇಕಡಾ 10ರ ಸೇವಾ ಶುಲ್ಕವೂ ಇತ್ತು. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ ಎಂದು ನಾನು ಹೇಳಿದಾಗ, ವ್ಯವಸ್ಥಾಪಕರು ಕಂಪ್ಯೂಟರಿನ ಕಡೆ ಬೊಟ್ಟು ಮಾಡಿ ಅದು ಸಿಸ್ಟಮ್ಮೇ ಹಾಕುವುದು ಎಂದರು. ಹಾಗಾದರೆ ಸಿಸ್ಟಮ್ಮಿನ ಹೆಸರಿನಲ್ಲಿಯೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ ಎಂದ ಮೇಲೆ ಶುಲ್ಕ ತೆಗೆದರು. ತೂಕದ ವಿಷಯದಲ್ಲಿ ಮಾತ್ರ ಏನೂ ಮಾಡಲಾಗಲಿಲ್ಲ. ಸಾಕ್ಷಿ ನಮ್ಮ ಹೊಟ್ಟೆಯಲ್ಲಿತ್ತು.

ಮರುದಿನ ರಾಧಾನಗರದ ಕಡಲತೀರಕ್ಕೆ ಕರೆದೊಯ್ದ ಆಟೋದವರ ಬಳಿ, ನೀವು ಮಧ್ಯಾಹ್ನ ಊಟ ಎಲ್ಲಿ ಮಾಡುತ್ತೀರಿ ಎಂದು ಕೇಳಿದೆ. ಇಷ್ಟೇ ಪ್ರಶ್ನೆ, ಇದನ್ನು ನಾನು ಮೊದಲ ದಿನವೇ ಕೇಳಬೇಕಾಗಿತ್ತು. ಅವರು ನಮ್ಮನ್ನು ಗೋವಿಂದನಗರದ ಅಂಗಡಿ ಸಾಲಿನಲ್ಲಿದ್ದ, ತಗಡಿನ ಮಾಡಿನ ಕೆಳಗೆ ನಾಲ್ಕು ಮೇಜುಗಳಿದ್ದ ಅನ್ನದ ಹೋಟೆಲಿಗೆ ಕರೆದುಕೊಂಡು ಹೋದರು. ಬಡಿಸಿದ ಹೆಂಗಸು ಬಂಗಾಳಿ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು 1950ರ ದಶಕದಲ್ಲಿ ಸರ್ಕಾರ ಈ ದ್ವೀಪಕ್ಕೆ ತಂದು, ಕಾಡು ಕಡಿದ ಜಾಗದಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿತು; ಇವರು ಆ ಮನೆಗಳ ಮೂರನೆಯ ತಲೆಮಾರು. ಸ್ಟೀಲ್ ತಟ್ಟೆಯ ನಡುವೆ ಹಬೆಯಾಡುವ ಅನ್ನ, ಪಕ್ಕದಲ್ಲಿ ತೆಳ್ಳಗಿನ ಮಸೂರ್ ಬೇಳೆ, ಆಲೂಗೆಡ್ಡೆಯ ಸಣ್ಣ ಎಸಳುಗಳ ಪಲ್ಯ, ಒಂದು ಹೋಳು ನಿಂಬೆ, ಇನ್ನೊಂದು ಬಟ್ಟಲಿನಲ್ಲಿ ಸುರಮೈ, ಅಂದರೆ ನಮ್ಮ ಅಂಜಲ್, ಸಾಸಿವೆ ಅರೆದು ಹಾಕಿದ ಹಳದಿ ಸಾರಿನಲ್ಲಿ. ತುಂಡಿನ ಮೇಲೆ ಬೆರಳಿಟ್ಟರೆ ಪದರು ಪದರಾಗಿ ಬಿಡಿಸಿಕೊಳ್ಳುತ್ತಿತ್ತು. ಸಾಸಿವೆ ಎಣ್ಣೆಯ ಘಾಟಿಗೆ ಅಮ್ಮ ಮೊದಲು ಮೂಗು ಮುಚ್ಚಿಕೊಂಡರು. ತೆಂಗಿನ ಕಾಯಿ, ಹುಣಿಸೆ ಹುಳಿ, ಬ್ಯಾಡಗಿ ಮೆಣಸು ಇಲ್ಲದ ಮೀನು ಸಾರನ್ನು ಅವರು ಸಾರೆಂದೇ ಒಪ್ಪುವವರಲ್ಲ. ಎರಡನೆಯ ಸಲ ಅನ್ನ ಹಾಕಿಸಿಕೊಂಡ ಮೇಲೆ, "ಎಣ್ಣಿ ವಾಸ್ನಿ ಬತ್ತ್, ಆರೆ ಮೀನ್ ಲಾಯ್ಕ್ ಇತ್ ಮಾರಾಯ" ಎಂದರು.

ನಾಲ್ವರ ಊಟಕ್ಕೆ 900 ರೂಪಾಯಿ. ಹಿಂದಿನ ರಾತ್ರಿಯ ಆ ಒಂದು ಸುಟ್ಟ ಮೀನಿಗೆ ಕೊಟ್ಟದ್ದರ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ರಾತ್ರಿ ಪ್ಯಾಕೇಜಿನ ಊಟದ ಕೂಪನ್ನುಗಳನ್ನು ಕೋಣೆಯಲ್ಲಿಯೇ ಬಿಟ್ಟು ಮತ್ತೆ ಅಲ್ಲಿಗೇ ಹೋದೆವು. ಬೇಗ ಮುಚ್ಚುತ್ತೇವೆ, ಏಳಕ್ಕೆ ಬನ್ನಿ ಎಂದು ಅವರೇ ಹೇಳಿದ್ದರು. ಆ ಹೆಂಗಸು ಅಮ್ಮನಿಗೆ ಎಣ್ಣೆ ಕಡಿಮೆ ಮಾಡಿ ಬೇರೆಯೇ ಒಂದು ತುಂಡು ಹುರಿದು ಕೊಟ್ಟರು. ಇವರಿಗೆ ಕನ್ನಡ ಬಾರದು, ಅವರಿಗೆ ಹಿಂದಿ ಬಾರದು. ಮೀನಿನ ವಿಷಯದಲ್ಲಿ ಮಾತ್ರ ಇಬ್ಬರೂ ಕೈ ಸನ್ನೆಯಲ್ಲಿ ಅರ್ಧ ಗಂಟೆ ಮಾತಾಡಿದರು.

ಶಹೀದ್ ದ್ವೀಪದಲ್ಲಿ, ಹಳೆಯ ಹೆಸರಿನಲ್ಲಿ ನೀಲ್, ನನ್ನ ಸಿಟ್ಟು ತರಕಾರಿಯ ಕಡೆಗೆ ತಿರುಗಿತು. ಇಡೀ ಅಂಡಮಾನಿಗೆ ತರಕಾರಿ ಬುಟ್ಟಿ ಎಂದು ಹೆಸರಾದ ಪುಟ್ಟ ದ್ವೀಪವದು. ದೋಣಿಕಟ್ಟೆಯಿಂದ ರೆಸಾರ್ಟಿನವರೆಗಿನ ದಾರಿಯ ಎರಡೂ ಬದಿಯಲ್ಲಿ ಬದನೆ, ಬೆಂಡೆ, ಸೋರೆಯ ಚಪ್ಪರ, ಬಾಳೆ, ಅಡಿಕೆ. ಆ ರಾತ್ರಿಯ ಬಫೆಯಲ್ಲಿದ್ದ ತರಕಾರಿ ಯಾವುದು ಗೊತ್ತೇ? ಪೊಟ್ಟಣದ ಹಸಿರು ಬಟಾಣಿ ಮತ್ತು ಹೂಕೋಸು. ಅಡುಗೆಯವರನ್ನು ಕೇಳಿದೆ; ಜಾರ್ಖಂಡಿನ ಕಡೆಯ ಹುಡುಗ, ಪಾಪ, ಸತ್ಯವನ್ನೇ ಹೇಳಿದ. ಟೂರ್‌ನವರು ತಲೆಗೆ ಇಷ್ಟು ಎಂದು ಕೊಡುವ ಹಣ ಬಹಳ ಕಡಿಮೆ, ಅದರಲ್ಲಿ ಮೀನು ಬರುವುದಿಲ್ಲ. ಬದನೆ, ಸೋರೆ ಮಾಡಿದರೆ ಬಂದವರು ಇದೇನು ಮನೆ ಊಟ ಎಂದು ಮೂಗು ಮುರಿಯುತ್ತಾರೆ, ಪನೀರ್ ಇಲ್ಲದಿದ್ದರೆ ದೂರು ಬರೆಯುತ್ತಾರೆ. ಇದನ್ನು ಕೇಳುವಾಗ ಹಿಂದಿನ ಮೇಜಿನಲ್ಲಿ ನಮ್ಮ ಬೆಂಗಳೂರಿನ ಗುಂಪಿನವರೇ ಒಬ್ಬರು, ಮಂಚೂರಿ ಖಾಲಿಯಾಗಿದೆ, ಬೇಗ ತುಂಬಿಸಿ ಎಂದು ಕೂಗುತ್ತಿದ್ದರು. ಆದ್ದರಿಂದ ಸಿಟ್ಟಿನಲ್ಲಿ ಒಂದು ಪಾಲು ನಮ್ಮವರಿಗೂ ಸಲ್ಲಬೇಕು. ಆದರೆ ದೊಡ್ಡ ಪಾಲು ಊಟದ ಹೆಸರಿನಲ್ಲಿ ನನ್ನಿಂದ ಹಣ ಪಡೆದು, ಅದರಲ್ಲಿ ಎಷ್ಟು ಅಡುಗೆಮನೆಗೆ ಹೋಯಿತೆಂದು ಹೇಳದವರದ್ದು.

ನೀಲ್‌ನಿಂದ ಹೊರಟ ಬೆಳಿಗ್ಗೆಯ ತಿಂಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೋಣಿ ಬೇಗ ಇದೆ ಎಂದು ಡಬ್ಬಿ ಕಟ್ಟಿಕೊಟ್ಟಿದ್ದರು: ಎರಡು ಸ್ಲೈಸ್ ಬ್ರೆಡ್, ಒಂದು ಜಾಮ್ ಪೊಟ್ಟಣ, ತಣ್ಣಗಿನ ಬೇಯಿಸಿದ ಮೊಟ್ಟೆ. ಅಮ್ಮ ಊರಿನಿಂದ ಕಟ್ಟಿಕೊಂಡು ಬಂದಿದ್ದ ಚಕ್ಕುಲಿಯಿಂದ ಆ ಬೆಳಗು ಕಳೆಯಿತು.

ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲಿ ನಾವು ಹೋಟೆಲಿನ ಹಾಲ್‌ನತ್ತ ತಲೆ ಹಾಕಲೇ ಇಲ್ಲ. ಅಬರ್ಡೀನ್ ಬಜಾರಿನ ಗಡಿಯಾರ ಗೋಪುರದ ಸುತ್ತಮುತ್ತ ತಮಿಳರ ಮೆಸ್ಸುಗಳಿವೆ, ಆಂಧ್ರದವರ ಊಟದ ಹೋಟೆಲುಗಳಿವೆ, ಬಂಗಾಳಿ ಸಿಹಿತಿಂಡಿಯ ಅಂಗಡಿಗಳಿವೆ. ಅಲ್ಲಿ ಬಾಳೆ ಎಲೆಯ ಮೇಲೆ ಅನ್ನ, ಸಾಂಬಾರು, ಹುರಿದ ಬಂಗುಡೆ ತಿಂದೆವು. ಸಸ್ಯಾಹಾರಿಗಳಿಗೂ ಅಲ್ಲಿ ಬಿಸಿ ದೋಸೆ, ಇಡ್ಲಿ ಸಿಗುತ್ತದೆ. ಹೊರಗಡೆ ಏನೂ ಸಿಗುವುದಿಲ್ಲವಂತೆ! ಹೋಗುವವರು ತಿಂಡಿ ಮಾತ್ರ ಸೇರಿದ ಕೋಣೆ ಹಿಡಿಯಿರಿ. ಹ್ಯಾವ್ಲಾಕಿನಲ್ಲಿ ಅಂಗಡಿ ಬೀದಿಗೆ ನಡೆದು ಹೋಗುವಷ್ಟು ಹತ್ತಿರ ಉಳಿಯಿರಿ, ಏಕೆಂದರೆ ಕತ್ತಲಾದ ಮೇಲೆ ಆಟೋದವರು ಕೇಳಿದ್ದೇ ಬೆಲೆ. ಮೀನನ್ನು ನಿಮ್ಮ ಕಣ್ಣೆದುರೇ ತೂಗಿಸಿ, ಬೆಲೆ ಹೇಳಿಸಿಕೊಂಡ ನಂತರವೇ ಒಲೆಗೆ ಹಾಕಲು ಬಿಡಿ.

ಬೆಂಗಳೂರಿಗೆ ಬಂದ ಮೂರನೆಯ ದಿನ ಟ್ರಾವೆಲ್ಸ್‌ನಿಂದ ಫೋನ್ ಬಂತು, ಊಟಕ್ಕೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು. ಬಳಸದೆ ಉಳಿದ ಎಂಟು ಕೂಪನ್ನುಗಳ ಹಣ ಮರಳಿಸಿ, ಅಂಕದ ಮಾತು ಆಮೇಲೆ ಆಡೋಣ ಎಂದೆ. ಊಟ ಅಲ್ಲಿತ್ತು, ತಿನ್ನದೆ ಬಿಟ್ಟವರು ನೀವು, ಹಣ ವಾಪಸಾಗುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಒಂದು ಊಟಕ್ಕೆ ನೀವು ಹೋಟೆಲಿಗೆ ಕೊಟ್ಟದ್ದೆಷ್ಟು, ನನ್ನಿಂದ ಪಡೆದದ್ದೆಷ್ಟು ಎಂದು ಬರೆದು ಕೊಡಿ ಎಂದು ಇಮೇಲ್ ಕಳಿಸಿದ್ದೇನೆ. ಇಪ್ಪತ್ತೆರಡು ದಿನಗಳಾದವು, ಅದಕ್ಕೆ ಉತ್ತರವಿಲ್ಲ. ನಿನ್ನೆ ಮಾತ್ರ ಅವರಿಂದಲೇ ಒಂದು ಮೆಸೇಜು ಬಂದಿದೆ: ಬಾಲಿ, ಆರು ರಾತ್ರಿ, ರಾತ್ರಿಯ ಊಟ ಸೇರಿ.