ಬಣ್ಣ ಆಮೇಲೆ ಕೇಳಿ, ಮೊದಲು ನೀರಿನ ಮೈ ನೋಡಿ

ಇವತ್ತು ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ. ಒಂದೇ ಕಂಪನಿಯ, ಒಂದೇ ಅಳತೆಯ ಆರು ಪಾಪರ್‌ಗಳನ್ನು (ಜಗ್ಗಿದರೆ ಬಾಯಿಯ ಕುಳಿಯಿಂದ ಸದ್ದು ಮಾಡೋ, ತೇಲೋ ಲೂರ್; ಲೂರ್ ಅಂದರೆ ಮೀನು ಹಿಡಿಯೋ ನಕಲಿ ಎರೆ) ಸಾಲಾಗಿ ಜೋಡಿಸಿದ ಫೋಟೊ, ಆರಕ್ಕೂ ಬೇರೆ ಬೇರೆ ಬಣ್ಣ, ಕೆಳಗೆ "ಬಾಸ್‌ಗೆ ಇದರಲ್ಲಿ ಯಾವುದು ಒಳ್ಳೇದು?" ಬಾಸ್ ಅಂದರೆ ಸಿಹಿನೀರಿನ ಒಂದು ಬೇಟೆ ಮೀನು. ನೀರು ತಿಳಿಯೋ ಕದಡಿದೆಯೋ, ಗಾಳಿ ಬೀಸ್ತಾ ಇದೆಯೋ, ಜೊಂಡು ಎಷ್ಟಿದೆ, ನೀರು ಎಷ್ಟು ಬೆಚ್ಚಗಿದೆ, ಒಂದು ಮಾತೂ ಇಲ್ಲ. ನನಗೆ ಸಿಟ್ಟು ಬರುತ್ತೆ, ಮುಚ್ಚಿಡೋದು ಯಾಕೆ. ಕೇಳಿದವರ ತಪ್ಪಿಲ್ಲ, ಎಲ್ಲರೂ ಹಾಗೇ ಕೇಳೋದನ್ನು ನೋಡಿ ಕಲಿತಿದ್ದಾರೆ. ಆದರೆ ಟಾಪ್‌ವಾಟರ್, ಅಂದರೆ ನೀರಿನ ಮೈ ಮೇಲೇ ಲೂರ್ ಆಡಿಸೋ ಮೀನುಗಾರಿಕೆಯಷ್ಟು ಸೊಗಸಾದದ್ದು, ಮೀನು ಕಣ್ಣೆದುರೇ ನೀರು ಸೀಳಿ ಬಂದು ಹೊಡೆಯೋದು, ಈ ಒಂದು ಪ್ರಶ್ನೆಯ ಕಾಟದಲ್ಲಿ ಎಷ್ಟೋ ಜನರ ಕೈ ತಪ್ಪಿಹೋಗ್ತಾ ಇದೆ.

ಮೀನು ಎಲ್ಲಿಂದ ನೋಡುತ್ತೆ ಅನ್ನೋದನ್ನು ಒಂದು ಸಲ ಯೋಚಿಸಿ. ನೀರಿನೊಳಗಿಂದ ಹೊರಗಿನದು ಕಾಣೋದು ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ ಮಾತ್ರ, ಅದರ ಕೋನ ಸುಮಾರು 97 ಡಿಗ್ರಿ. 2 ಮೀಟರ್ ಆಳದಲ್ಲಿ ನಿಂತ ಬಾಸ್‌ಗೆ ಆ ಕಿಂಡಿ ಸುಮಾರು 4.5 ಮೀಟರ್ ಅಗಲ. ಅದರಾಚೆ ನೀರಿನ ಮೈ ಕೆಳಗಿನಿಂದ ಕನ್ನಡಿಯಂತೆ ಇರುತ್ತೆ. ಲೂರ್ ಆ ಕನ್ನಡಿಯ ಭಾಗದಲ್ಲಿ ಇರುವಾಗ ಮೀನಿಗೆ ಗೊತ್ತಾಗೋದು ನೀರಿಗೆ ಬಿದ್ದ ಕುಳಿ, ಗುಳ್ಳೆ, ಸದ್ದು, ನೀರೊಳಗೆ ಇಳಿದ ಹೊಟ್ಟೆ, ನೇತಾಡುವ ಗಾಳ. ಕಿಂಡಿಯೊಳಗೆ ಬಂದ ಮೇಲೂ ಆಕಾಶದ ಬೆಳಕಿಗೆ ಎದುರಾಗಿ ಕಪ್ಪು ಆಕಾರವಾಗಿಯೇ ಕಾಣುತ್ತೆ. ಬೆನ್ನ ಮೇಲಿನ ಚುಕ್ಕೆ, ಪಟ್ಟೆ, ಮಿನುಗು ಇವೆಲ್ಲ ನಮ್ಮ ಕಣ್ಣಿಗೆ ಮಾತ್ರ. ಅದೂ ಅಲ್ಲದೆ ಟಾಪ್‌ವಾಟರ್‌ಗೆ ಹೆಚ್ಚು ಮೀನು ಬೀಳೋದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಮೋಡ ಕವಿದಾಗ. ಬಣ್ಣ ಗುರುತಿಸೋ ಶಕ್ತಿ ಕಡಿಮೆ ಇರೋ ಹೊತ್ತೇ ಅದು.

ಹಾಗಾಗಿ ಮೊದಲು ನೋಡಬೇಕಾದ್ದು ನೀರಿನ ಮೈ.

ಗಾಜಿನಂತೆ ನಿಂತಿದ್ದರೆ ಸಣ್ಣ ಪಾಪರ್. ಪಾಪ್-ಆರ್ ಥರದ್ದು, ಎರಡೂವರೆ ಇಂಚು, 7 ಗ್ರಾಂ. ಬಾಯಿಯ ಕುಳಿ ಆಳವಾಗಿದ್ದಷ್ಟೂ 'ಬುಳುಕ್' ಅಂತ ದಪ್ಪ ಸದ್ದು, ಕುಳಿ ಕಡಿಮೆ ಇದ್ದರೆ ನೀರು ಮುಂದಕ್ಕೆ ಚಿಮ್ಮುತ್ತೆ. ನಿಂತ ನೀರಿಗೆ ಎರಡನೆಯದೇ ಸರಿ. ಎಸೆದ ಮೇಲೆ ಉಂಗುರಗಳೆಲ್ಲ ಅಳಿಯುವವರೆಗೆ ಕೈ ಆಡಿಸಬೇಡಿ. ಆಮೇಲೆ ಮಣಿಕಟ್ಟಿನಿಂದ ಒಂದು ಚಿಕ್ಕ ಜಗ್ಗು, ಮತ್ತೆ ನಿಲ್ಲಿಸಿ. ನೀರು 16–18 ಡಿಗ್ರಿ ಇದ್ದರೆ ಹತ್ತು ಎಣಿಸಿ, 25 ದಾಟಿದ್ದರೆ ಎರಡು ಮೂರು ಸಾಕು. 15ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಟಾಪ್‌ವಾಟರ್ ಕಟ್ಟೋದರಲ್ಲಿ ಅರ್ಥವಿಲ್ಲ. ಹಿಂದಿನ ಗಾಳಕ್ಕೆ ಕಟ್ಟಿರೋ ಪುಕ್ಕ ಉದುರಿದ್ದರೆ ಹೊಸದು ಹಾಕಿ, ಲೂರ್ ನಿಂತಾಗ ಜೀವ ಇರೋದು ಆ ಪುಕ್ಕದಲ್ಲೇ. ಮೀನು ಹೊಡೆಯೋದು ಬಹುಪಾಲು ನಿಂತಾಗಲೇ. ಎಳೆದೆಳೆದು ನೀರು ಎರಚಾಡಿಸಿದರೆ ನಿಂತ ನೀರಲ್ಲಿರೋ ಮೀನು ದೂರ ಸರಿಯುತ್ತೆ, ಅಲ್ಲಿ ಜನ ಮಾಡೋ ಕೆಲಸ ಬಣ್ಣ ಬದಲಿಸೋದು. ಸದ್ದು ಕಡಿಮೆ ಮಾಡಬೇಕು ಅಂತ ಹೊಳೆಯೋದೇ ಇಲ್ಲ.

ನೀರಿನ ಮೇಲೆ ತೆಳು ಸುಕ್ಕು ಬಿದ್ದಿದ್ದರೆ, ತಿಳಿನೀರಾಗಿದ್ದರೆ, ಜಾರಾ ಸ್ಪೂಕ್ ಥರದ ಚುಟ್ಟದ ಆಕಾರದ ಲೂರ್. ನನಗೆ ತುಂಬ ಇಷ್ಟವಾದದ್ದು ಇದೇ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳ್ತೀನಿ. ನಾಲ್ಕೂವರೆ ಇಂಚು, 21 ಗ್ರಾಂ ಮಾಮೂಲು ಅಳತೆ. ಮೀನು ಚಿಕ್ಕ ಮರಿಗಳನ್ನು ತಿನ್ನುತ್ತಿದ್ದರೆ ಮೂರೂವರೆ ಇಂಚು, 14 ಗ್ರಾಂನದು. ಇದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸುತ್ತಾ ನಡೆಸಬೇಕು, 'ವಾಕ್ ದ ಡಾಗ್' ಅನ್ನೋದು ಇದಕ್ಕೇ. ರಾಡಿನ ತುದಿ ನೀರಿನ ಕಡೆ ತಗ್ಗಿರಲಿ. ಸಡಿಲ ಲೈನನ್ನೇ ಜಗ್ಗಬೇಕು, ಜಗ್ಗಿದ ತಕ್ಷಣ ತುದಿಯನ್ನು ಲೂರ್ ಕಡೆಗೆ ವಾಪಸ್ ಬಿಟ್ಟು ಮತ್ತೆ ಸಡಿಲ ಕೊಡಬೇಕು. ಆ ಸಡಿಲ ಇದ್ದರೆ ಮಾತ್ರ ಲೂರ್ ಪಕ್ಕಕ್ಕೆ ಜಾರೋಕೆ ಜಾಗ. ಬಿಗಿ ಲೈನಿನಲ್ಲಿ ಜಗ್ಗಿದರೆ ಅದು ನೇರ ನಿಮ್ಮ ಕಡೆ ಮುಗ್ಗರಿಸಿಕೊಂಡು ಬರುತ್ತೆ. ರೀಲ್ ಸುತ್ತೋದು ಮಿಕ್ಕ ಸಡಿಲವನ್ನು ತೆಗೆಯೋಕೆ ಮಾತ್ರ.

ಇಲ್ಲಿ ಲೈನ್ ಎಷ್ಟು ಮುಖ್ಯ ಅನ್ನೋದನ್ನು ಯಾರೂ ಹೇಳಿಕೊಡೋದಿಲ್ಲ. ಫ್ಲೋರೋಕಾರ್ಬನ್ ಲೈನ್ ನೀರಿಗಿಂತ ಬಹಳ ಭಾರ, ಮುಳುಗಿ ಲೂರಿನ ಮೂತಿಯನ್ನು ಕೆಳಕ್ಕೆ ಎಳೆಯುತ್ತೆ, ನಡಿಗೆ ಅಲ್ಲೇ ಸತ್ತಂತೆ. ಬ್ರೇಡ್, ಅಂದರೆ ಹೆಣೆದ ಲೈನ್, ತೇಲುತ್ತೆ, ಹಿಗ್ಗೋದಿಲ್ಲ. ಆದರೆ ಮೆತ್ತಗಿರೋದರಿಂದ ಮುಂದಿನ ಗಾಳಕ್ಕೆ ಸುತ್ತಿಕೊಳ್ಳುತ್ತೆ. 30 ಪೌಂಡ್ ಬ್ರೇಡ್, ತುದಿಗೆ ಎರಡಡಿ 15–20 ಪೌಂಡಿನ ನೈಲಾನ್ ಮಾನೊ (ಒಂದೇ ಎಳೆಯ ಲೈನ್) ಕಟ್ಟಿದರೆ ಎರಡೂ ಕಾಟ ತಪ್ಪುತ್ತೆ. ಗಂಟು ಮೂತಿಗೆ ಬಿಗಿಯಬಾರದು, ಕುಣಿಕೆ ಗಂಟು ಹಾಕಿ, ಇಲ್ಲವೇ ಮೂತಿಗೆ ಸ್ಪ್ಲಿಟ್ ರಿಂಗ್ ಅನ್ನೋ ಸಣ್ಣ ಉಂಗುರ ಇರಲಿ. ಹಿಂದಿನ ಗಾಳವನ್ನು ಒಂದು ಅಳತೆ ದೊಡ್ಡದು ಮಾಡೋದಾದರೆ ಮೊದಲು ಬಕೆಟ್ಟಿನ ನೀರಲ್ಲಿ ಬಿಟ್ಟು ನೋಡಿ. ಬಾಲ ತಗ್ಗಿಸಿ ನಿಲ್ಲೋ ಲೂರ್ ಸುಲಭವಾಗಿ ತಿರುಗುತ್ತೆ, ಮಲಗಿ ತೇಲೋದು ಉದ್ದಕ್ಕೆ ಜಾರುತ್ತೆ. ಭಾರ ಜಾಸ್ತಿಯಾಗಿ ಬಾಲ ಪೂರ್ತಿ ಮುಳುಗಿದರೆ ಎರಡೂ ಇಲ್ಲ. ತಿಳಿನೀರಲ್ಲಿ ಇದನ್ನು ಸರಿಯಾಗಿ ನಡೆಸಿದರೆ ನಾಲ್ಕೈದು ಮೀಟರ್ ಆಳದಿಂದಲೂ ಮೀನು ಎದ್ದು ಬರುತ್ತೆ, ಅದರಲ್ಲೂ ಸ್ಮಾಲ್‌ಮೌತ್ ಜಾತಿಯ ಬಾಸ್.

ಗಾಳಿ ಜೋರಾಗಿ ಅಲೆ ಎದ್ದರೆ ಸ್ಪೂಕ್ ಒಳಗಿಡಿ. ಸಡಿಲ ಲೈನನ್ನು ಗಾಳಿ ಬಿಲ್ಲಿನ ಹಾಗೆ ಬಾಗಿಸುತ್ತೆ, ನಡಿಗೆ ಕೈಗೆ ಸಿಗೋದಿಲ್ಲ. ಆಗ ಬೇಕಾದ್ದು ನಿಲ್ಲದೆ ಸದ್ದು ಮಾಡುತ್ತಾ ಒಂದೇ ದಾರಿಯಲ್ಲಿ ಬರೋ ಲೂರ್: ರೆಕ್ಕೆ ತಿರುಗೋ ಬಜ್‌ಬೇಟ್, ಇಲ್ಲವೇ ವೋಪರ್ ಪ್ಲಾಪರ್ ಥರದ ಬಾಲ ತಿರುಗೋದು. ಕದಡಿದ ನೀರಿಗೂ ಇದೇ ಲೆಕ್ಕ, ಕಣ್ಣಿಗೆ ಕಾಣದ್ದನ್ನು ಮೀನು ಸದ್ದು ಹಿಡಿದು ಹಿಂಬಾಲಿಸೋಕೆ ಲೂರಿನ ದಾರಿ ನೇರವಾಗಿರಬೇಕು. ಪ್ಲಾಪರ್‌ನಲ್ಲಿ 90, 110, 130 ಮಿಲಿಮೀಟರ್ ಅಳತೆಗಳಿವೆ, ಹೆಚ್ಚು ಸಲ ಕೈಗೆ ಬರೋದು 110. ಬಾಲ ತಿರುಗೋ ಅತಿ ನಿಧಾನದ ವೇಗ ಯಾವುದೋ ಅದರಲ್ಲೇ ಸುತ್ತಿ. ಕಳೆಯ ಒಂದು ಎಳೆ ಬಾಲಕ್ಕೆ ಸಿಕ್ಕಿದರೂ ಸದ್ದು ನಿಲ್ಲುತ್ತೆ, ಹಾಗಾಗಿ ಕಿವಿ ಅಲ್ಲೇ ಇರಲಿ. ಬಜ್‌ಬೇಟ್ ನಿಂತರೆ ಮುಳುಗುತ್ತೆ. ನೀರಿಗೆ ಬೀಳೋ ಮೊದಲೇ ಹಿಡಿ ತಿರುಗಿಸೋಕೆ ಶುರು ಮಾಡಿ, ರಾಡಿನ ತುದಿ ಮೇಲಿರಲಿ. 10 ಗ್ರಾಂನದು ಹೆಚ್ಚು ಕಡೆ ಸಾಕಾಗುತ್ತೆ. ರೆಕ್ಕೆ ಒಂದೇ ದಿಕ್ಕಿಗೆ ತಿರುಗೋದರಿಂದ ಅದು ಒಂದು ಪಕ್ಕಕ್ಕೆ ಎಳೆಯೋದು ಸಹಜ. ಯಾವ ಪಕ್ಕಕ್ಕೆ ಅಂತ ತಿಳಿದುಕೊಂಡರೆ ಮರದ ಬೊಡ್ಡೆಗೆ ಬೇಕೆಂದೇ ತಾಗಿಸಬಹುದು, ತಾಗಿದ ಕ್ಷಣದಲ್ಲೇ ಹೊಡೆತ ಬೀಳೋದು ಹೆಚ್ಚು. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣೋಕೆ ಶುರುವಾದರೆ ಮಾತ್ರ ಇವೆಲ್ಲವನ್ನೂ ಎತ್ತಿಟ್ಟು ನೀರೊಳಗೆ ಓಡೋದನ್ನು ಕಟ್ಟಿ.

ನೀರಿನ ಮೇಲೆ ಕಳೆ ಚಾಪೆಯಂತೆ ಹಾಸಿದ್ದರೆ ಯೋಚನೆಯೇ ಬೇಡ, ಟೊಳ್ಳು ಮೈಯ, ಕಪ್ಪೆ ಆಕಾರದ ಮೆತ್ತನೆಯ ಲೂರ್ ಕಟ್ಟಿ. ಮೂರು ಮುಳ್ಳಿನ ಗಾಳ ಇರೋದು ಯಾವುದೂ ಅಲ್ಲಿ ಎರಡಡಿ ಬರೋದಿಲ್ಲ. ನಡು ಮಧ್ಯಾಹ್ನ ಟಾಪ್‌ವಾಟರ್ ಬೇಡ ಅನ್ನೋ ಮಾತು ಇಲ್ಲಿ ಸುಳ್ಳಾಗುತ್ತೆ, ಬಿಸಿಲೇರಿದಷ್ಟೂ ಮೀನು ಆ ಚಾಪೆಯ ನೆರಳಿಗೇ ಸೇರುತ್ತೆ. ಕೊಳ್ಳುವಾಗ ಬಣ್ಣ ನೋಡೋ ಬದಲು ಹೆಬ್ಬೆರಳು ತೋರುಬೆರಳಲ್ಲಿ ಮೈ ಒತ್ತಿ ನೋಡಿ. ಸಲೀಸಾಗಿ ಚಪ್ಪಟೆಯಾಗಿ ಎರಡೂ ಗಾಳದ ಮೊನೆ ಹೊರಗೆ ಬರಬೇಕು. ಗಟ್ಟಿ ಮೈಯದನ್ನು ಮೀನು ಕಚ್ಚಿ ಉಗುಳುತ್ತೆ, ಗಾಳ ತಾಗೋದೇ ಇಲ್ಲ. ಕಾಲಿನ ಎಳೆಗಳನ್ನು ಎರಡು ಸೆಂಟಿಮೀಟರ್ ಕತ್ತರಿಸಿದರೆ ತೆರೆದ ಜಾಗದಲ್ಲಿ ಸ್ಪೂಕ್ ಥರ ನಡೆಯುತ್ತೆ. ನಾಲ್ಕೈದು ಎಸೆತಕ್ಕೊಮ್ಮೆ ಹಿಂಡಿ ಒಳಗಿನ ನೀರು ತೆಗೆಯಿರಿ. ರಾಡ್ 7 ಅಡಿಗೆ ಕಡಿಮೆಯಿಲ್ಲದ ಹೆವಿ, ಬ್ರೇಡ್ 50–65 ಪೌಂಡ್. ಮಾನೊ ಹಿಗ್ಗಿ ಹಿಗ್ಗಿ ಮೀನನ್ನು ಕಳೆಯೊಳಗೇ ಬಿಟ್ಟುಬಿಡುತ್ತೆ, ಬ್ರೇಡ್ ದಂಟುಗಳನ್ನು ಕುಯ್ದುಕೊಂಡು ಬರುತ್ತೆ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವಾ ಅಂತ ಈಗ ಕೇಳ್ತೀರಿ. ಇದೆ, ಹೊಟ್ಟೆಯ ಬಣ್ಣಕ್ಕೆ. ಹಗಲಿಗೆ ಬಿಳಿ ಅಥವಾ ಮೂಳೆ ಬಣ್ಣ, ರಾತ್ರಿಗೆ ಕಪ್ಪು, ಬಾಸ್ ತಿನ್ನೋ ಬ್ಲೂಗಿಲ್ ಮೀನು ಗೂಡು ಕಟ್ಟಿರೋ ಕಡೆ ಹಳದಿ ಹೊಟ್ಟೆ. ಮುಗೀತು. ಮೂರು ಹೊಟ್ಟೆಗೆ ಮೂರು ಲೂರ್ ಸಾಕು. ರಾತ್ರಿಗೆ ಜಿಟರ್‌ಬಗ್ ಅನ್ನೋ ಕಪ್ಪು ಲೂರ್ ಒಂದನ್ನು ನಿಧಾನಕ್ಕೆ ಒಂದೇ ತಾಳದಲ್ಲಿ ತರೋದು ಗೊತ್ತಿದ್ದರೆ ಬೇರೇನೂ ಬೇಡ. "ನಿನ್ನೆ ಹಸಿರಿಗೆ ಬಿತ್ತು, ಇವತ್ತು ಬೀಳ್ತಿಲ್ಲ" ಅನ್ನೋರು ನಿನ್ನೆಯ ಗಾಳಿ ಎಷ್ಟಿತ್ತು, ಮೋಡ ಇತ್ತಾ ಅಂತ ನೆನಪು ಮಾಡಿಕೊಳ್ಳಲಿ.

ಇನ್ನು ಮೀನು ಹೊಡೆದು ತಪ್ಪಿಸಿಕೊಂಡಾಗಲೂ ಬಣ್ಣವನ್ನೇ ದೂರೋದು ನನ್ನ ಸಹನೆ ಮೀರುತ್ತೆ. ನೀರು ಸಿಡಿದದ್ದು ಕಂಡ ಕೂಡಲೇ ಎಳೆದಿದ್ದೀರಿ, ಲೂರ್ ಇನ್ನೂ ಅದರ ಬಾಯಿಗೇ ಹೋಗಿರಲಿಲ್ಲ! ಕಣ್ಣಿಗೆ ಕಂಡದ್ದಕ್ಕೆ ಕೈ ಎತ್ತಬಾರದು, ರಾಡಿನಲ್ಲಿ ಭಾರ ತಿಳಿದ ಮೇಲೆ ಎತ್ತಬೇಕು. ಕಪ್ಪೆಗೆ ಭಾರ ತಿಳಿದ ಮೇಲೆ ಪೂರ್ತಿ ಬಲ ಹಾಕಿ. ಮೂರು ಮುಳ್ಳಿನ ಗಾಳಕ್ಕೆ ಪಕ್ಕಕ್ಕೆ ಒಂದು ಉದ್ದ ಎಳೆತ ಸಾಕು, ಜಾಸ್ತಿಯಾದರೆ ಬಾಯಿ ಹರಿದು ಬರುತ್ತೆ. ಅದಕ್ಕೇ ಸ್ಪೂಕ್‌ಗೂ ಪಾಪರ್‌ಗೂ ಗಟ್ಟಿ ರಾಡ್ ಬೇಡ, ಬಾಗೋ ಮೀಡಿಯಂ ಬೇಕು. ಗಾಳದ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಮೊಂಡಾಗಿದೆ, ಬದಲಿಸಿ. ತಪ್ಪಿದ ಮೀನಿಗೆ ಅಂತಲೇ ಇನ್ನೊಂದು ರಾಡಿನಲ್ಲಿ ಭಾರವಿಲ್ಲದ ಐದು ಇಂಚಿನ ರಬ್ಬರ್ ಹುಳು ಕಟ್ಟಿಟ್ಟಿರಿ. ಉಂಗುರ ಅಳಿಯೋ ಮೊದಲೇ ಅದರ ನಡುವಿಗೆ ಎಸೆದು ಸಡಿಲ ಲೈನಿನಲ್ಲಿ ಇಳಿಯೋಕೆ ಬಿಡಿ. ಲೈನ್ ಪಕ್ಕಕ್ಕೆ ಸರಿದರೆ ಮೀನು ತಗೊಂಡಿದೆ.

ಫೋಟೊ ಕಳಿಸಿದ ಗೆಳೆಯರೇ, ಬೇಜಾರು ಮಾಡ್ಕೋಬೇಡಿ. ಆರರಲ್ಲಿ ಬಿಳಿ ಹೊಟ್ಟೆಯದನ್ನು ಕಟ್ಟಿ. ಮುಂದಿನ ಸಲ ದಯವಿಟ್ಟು ನೀರಿನ ಫೋಟೊ ಕಳಿಸಿ, ಜೊತೆಗೆ ಗಾಳಿ ಹೇಗಿದೆ, ಕಳೆ ಎಲ್ಲಿಂದ ಎಲ್ಲಿವರೆಗಿದೆ, ನೀರು ಎಷ್ಟು ಡಿಗ್ರಿ, ರೀಲಿನಲ್ಲಿ ಯಾವ ಲೈನ್ ಇದೆ, ಇಷ್ಟು ಬರೀರಿ. ಎಷ್ಟೇ ಹೊತ್ತಾದರೂ ಕೂತು ಉತ್ತರ ಕೊಡ್ತೀನಿ.