ಹದಿಮೂರನೇ ಮಹಡಿಗೆ ಕಂಬಿ ಬೇಡವೇ?

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಕಾರು ಓಡಿಸುತ್ತಾ ನಾನು ತೂಕಡಿಸಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಎರಡು ಸೆಕೆಂಡ್ ಇರಬಹುದು, ಮೂರಿರಬಹುದು. ಎಚ್ಚರವಾಗಿದ್ದು ಗಡಗಡ ಸದ್ದಿಗೆ. ರಸ್ತೆ ಅಂಚಿನ ಬಿಳಿ ಗೆರೆಯ ಪಕ್ಕ ಉಬ್ಬುಪಟ್ಟಿ ಹಾಕಿರುತ್ತಾರಲ್ಲ, ಟೈರು ಅದರ ಮೇಲೆ ಹತ್ತಿತ್ತು. ಸ್ಟೀರಿಂಗ್ ಕೈಯಲ್ಲೇ ನಡುಗಿತು. ಬೆಚ್ಚಿಬಿದ್ದು ಗಾಡಿ ಸರಿ ಮಾಡಿಕೊಂಡೆ. ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಹೆಂಡತಿ "ಏನ್ರೀ ಅದು ಸದ್ದು?" ಅಂದಳು. "ಏನಿಲ್ಲ, ಮಲಗು" ಅಂದೆ. ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ಈಗ ಇದನ್ನು ಓದುತ್ತಾಳೆ, ಆಮೇಲಿನದು ಆಮೇಲೆ.

ಆ ಪಟ್ಟಿ ಇಲ್ಲದಿದ್ದರೆ ಮರುದಿನದ ಸುದ್ದಿ ಹೇಗಿರುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. "ಚಾಲಕನ ಅಜಾಗರೂಕತೆಯಿಂದ ಅಪಘಾತ." ಅದರಲ್ಲಿ ಸುಳ್ಳೇನೂ ಇಲ್ಲ. ಅಜಾಗರೂಕತೆ ನನ್ನದೇ. ಆದರೆ ಅದೇ ಅಜಾಗರೂಕತೆ, ಅದೇ ಮನುಷ್ಯ, ಅದೇ ನಿದ್ದೆ. ಒಂದು ರಸ್ತೆಯಲ್ಲಿ ಎರಡು ಹೆಣ, ಇನ್ನೊಂದು ರಸ್ತೆಯಲ್ಲಿ ಬರೀ ಒಂದು ಸುಳ್ಳು, "ಏನಿಲ್ಲ, ಮಲಗು." ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಅಂದರೆ ಒಂದು ಮಹಡಿ. 50ಕ್ಕೆ ಹೋದರೆ ಹತ್ತಿರ ಹತ್ತು ಮೀಟರ್, ಮೂರು ಮಹಡಿ. 100ಕ್ಕೆ ಹೋದರೆ 39 ಮೀಟರ್. ಹದಿಮೂರು ಮಹಡಿ! ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ನಮ್ಮ ಅಂದಾಜು ತಪ್ಪುವುದು ಇಲ್ಲೇ. ಕಾರಿನೊಳಗೆ ಕೂತು ಹಾಡು ಕೇಳುವಾಗ 100 ಅನ್ನುವುದು ಮೀಟರಿನ ಮೇಲಿನ ಒಂದು ಅಂಕಿ ಅಷ್ಟೇ. ಹದಿಮೂರನೇ ಮಹಡಿಯ ಅಂಚಿನಲ್ಲಿ ನಿಂತಾಗ ಆಗುವ ಹೊಟ್ಟೆಯೊಳಗಿನ ಕಂಪನ ಅಲ್ಲಿ ಆಗುವುದಿಲ್ಲ.

ಈಗ ಯೋಚಿಸಿ. ಹದಿಮೂರನೇ ಮಹಡಿಯ ಬಾಲ್ಕನಿಗೆ ಕಂಬಿಯೇ ಹಾಕದೆ, "ಎಚ್ಚರಿಕೆಯಿಂದ ಓಡಾಡಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ" ಅಂತ ಬೋರ್ಡ್ ತಗುಲಿಸಿದರೆ ಆ ಎಂಜಿನಿಯರನ್ನು ಏನು ಮಾಡುತ್ತೇವೆ? ಯಾರಾದರೂ ಬಿದ್ದರೆ "ಅವನದೇ ಅಜಾಗರೂಕತೆ" ಅಂತ ಪಂಚನಾಮೆ ಬರೆದು ಸುಮ್ಮನಾಗುತ್ತೇವಾ? ರಸ್ತೆಯ ವಿಷಯದಲ್ಲಿ ನಾವು ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಬೀಳುವುದಕ್ಕೂ ಗುದ್ದುವುದಕ್ಕೂ ಇರುವ ಈ ನಂಟು ನಾನು ಕಂಡುಹಿಡಿದದ್ದಲ್ಲ. ಹ್ಯೂ ಡಿಹೇವನ್ ಅಂತ ಒಬ್ಬರಿದ್ದರು. 1917ರಲ್ಲಿ ವಿಮಾನ ಹಾರಿಸುವ ತರಬೇತಿಯಲ್ಲಿದ್ದಾಗ ಅವರ ವಿಮಾನ ಇನ್ನೊಂದಕ್ಕೆ ಆಕಾಶದಲ್ಲೇ ಡಿಕ್ಕಿಯಾಗಿ ಕೆಳಗೆ ಬಿತ್ತು. ಅವರು ಉಳಿದರು. ಬೇರೆ ಯಾರಾದರೂ ದೇವರ ದಯೆ ಅಂದು ಕೈಮುಗಿದು ಸುಮ್ಮನಾಗುತ್ತಿದ್ದರು. ಇವರು ಮಾತ್ರ "ನಾನು ಯಾಕೆ ಉಳಿದೆ? ನನಗಾದ ಗಾಯ ಯಾವುದರಿಂದ ಆಯಿತು?" ಅಂತ ಕೇಳುತ್ತಾ ಹೋದರು. ಮೊಟ್ಟೆಗಳನ್ನು ಮೇಲಿನಿಂದ ಬೀಳಿಸಿ, ಕೆಳಗೆ ಯಾವ ಮೆತ್ತೆ ಹಾಸಿದರೆ ಒಡೆಯುವುದಿಲ್ಲ ಅಂತ ನೋಡಿದರು. ಆಮೇಲೆ, 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಹುಡುಕಿ 1942ರಲ್ಲಿ ಒಂದು ಲೇಖನ ಬರೆದರು. 150 ಅಡಿಯಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಜಾಸ್ತಿ. ಅಷ್ಟಾದರೂ ಬದುಕಿದ್ದಾರೆ! ಹೇಗೆ? ಬಿದ್ದ ಜಾಗ ಏಟಿಗೆ ಸ್ವಲ್ಪ ಕುಸಿದಿತ್ತು. ಮೆತ್ತನೆಯ ಮಣ್ಣೋ, ಬಗ್ಗುವ ತಗಡೋ. ಏಟು ಒಂದೇ ಕಡೆ ಬೀಳದೆ ಮೈತುಂಬ ಹಂಚಿಹೋಗಿತ್ತು. ಅವರು ಕಂಡುಕೊಂಡದ್ದು ಇಷ್ಟೇ: ಮನುಷ್ಯನ ಮೈ ನಾವಂದುಕೊಂಡದ್ದಕ್ಕಿಂತ ಗಟ್ಟಿ, ನಾವು ಅದರ ಸುತ್ತ ಕಟ್ಟಿದ್ದು ತಪ್ಪು.

ಅಲ್ಲಿಂದ ಮುಂದೆ ಕಾರಿನ ಒಳಗೇ ಕ್ರಾಂತಿಯಾಯಿತು. 1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ಇವತ್ತು ನಾವು ಹಾಕುವ ಮೂರು ಕೊಂಡಿಯ ಸೀಟ್ ಬೆಲ್ಟ್ ತಂದರು. ಕಂಪನಿ ಅದರ ಪೇಟೆಂಟನ್ನು ಉಳಿದ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೆಲ್ಟ್ ಹಾಕುವುದನ್ನು ಕಡ್ಡಾಯ ಮಾಡಿತು. ಡಿಕ್ಕಿಯಲ್ಲಿ ಮುಂಭಾಗ ಮುದುಡುವ ಕಾರು, ಏರ್‌ಬ್ಯಾಗ್, ಎಲ್ಲವೂ ಅದೇ ಮೊಟ್ಟೆಯ ಮೆತ್ತೆಯ ಮಕ್ಕಳು, ಮೊಮ್ಮಕ್ಕಳು.

ಆದರೆ ಕಾರಿನ ಹೊರಗೆ? ಅಲ್ಲಿ ಇನ್ನೂ "ನೋಡಿಕೊಂಡು ಹೋಗಪ್ಪ" ಅನ್ನುವ ಕಾಲ.

1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಸಂಸತ್ತು ವಿಷನ್ ಝೀರೋ, ಅಂದರೆ ರಸ್ತೆಯಲ್ಲಿ ಸಾವು ಸೊನ್ನೆಯಾಗಬೇಕು ಅನ್ನುವ ಗುರಿಗೆ ಒಪ್ಪಿಗೆ ಕೊಟ್ಟಿತು. ಹೆಸರು ಕೇಳಿದರೆ ಸರ್ಕಾರಿ ಘೋಷಣೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಒಳಗಿನ ವಿಷಯ ಮಾತ್ರ ಸ್ವಲ್ಪ ಖಾರವಾಗಿದೆ. ಅದರ ಹಿಂದಿದ್ದ ಕ್ಲಾಸ್ ಟಿಂಗ್ವಾಲ್ ಮತ್ತವರ ಜೊತೆಗಾರರು ಹೇಳಿದ್ದು ಹೀಗೆ: ಮನುಷ್ಯ ತಪ್ಪು ಮಾಡುತ್ತಾನೆ, ಮಾಡುತ್ತಲೇ ಇರುತ್ತಾನೆ. ಅವನು ತಪ್ಪು ಮಾಡಿದರೂ ಸಾಯದಂತೆ ರಸ್ತೆ ಕಟ್ಟುವುದು ಕಟ್ಟುವವರ ಜವಾಬ್ದಾರಿ. ಜನ ನಿಯಮ ಮುರಿಯುತ್ತಿದ್ದಾರೆ ಅಂದರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ಸರಿ ಮಾಡುವ ಹೊಣೆಯೂ ಕಟ್ಟಿದವರಿಗೇ ವಾಪಸ್ ಬರುತ್ತದೆ. ಇದನ್ನು ಒಪ್ಪಿಕೊಂಡ ಎಂಜಿನಿಯರಿಗೆ ಮುಂದೆ "ಡ್ರೈವರ್ ಸರಿಯಿಲ್ಲ ಸಾರ್" ಅಂತ ಫೈಲ್ ಮುಚ್ಚಲು ಆಗುವುದಿಲ್ಲ ಅಲ್ವಾ?

ನನಗೆ ತುಂಬಾ ಇಷ್ಟವಾದ ಉದಾಹರಣೆ ಅವರ ತಂತಿ ರಸ್ತೆ. ಸ್ವೀಡನ್ನಿನಲ್ಲಿ ಅಗಲವಾದ, ನಡುವೆ ಬರೀ ಬಣ್ಣದ ಗೆರೆಯಿದ್ದ ಹೆದ್ದಾರಿಗಳಿದ್ದವು. ಓವರ್‌ಟೇಕ್ ಮಾಡಲು ಹೋಗಿ ಎದುರುಬದುರು ಗುದ್ದಿ ಜನ ಸಾಯುತ್ತಿದ್ದರು. ರಸ್ತೆ ಅಗಲ ಮಾಡಲು ದುಡ್ಡಿಲ್ಲ. 1998ರಿಂದ ಅವರು ಅದೇ ರಸ್ತೆಯನ್ನು ಮೂರು ಪಥ ಮಾಡಿದರು. ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು, ಸ್ವಲ್ಪ ದೂರಕ್ಕೊಮ್ಮೆ ಅದಲುಬದಲು. ನಡುವೆ ಕಂಬ ನೆಟ್ಟು ಉಕ್ಕಿನ ತಂತಿ ಎಳೆದರು. ಬೈಕಿನವರು ಅದನ್ನು ಚೀಸ್ ಕೊಯ್ಯುವ ತಂತಿ ಅಂತ ಬೈದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಆ ರಸ್ತೆಗಳಲ್ಲಿ ಸಾವು ಸುಮಾರು ಮುಕ್ಕಾಲು ಭಾಗ ಇಳಿಯಿತು.

ಮಜಾ ಇರುವುದು ಇಲ್ಲಿ. ಚಾಲಕರು ಬದಲಾಗಲಿಲ್ಲ. ಅದೇ ನಿದ್ದೆ, ಅದೇ ಆತುರ. ಕಾರುಗಳು ಆಗಾಗ ಹೋಗಿ ತಂತಿಗೆ ಉಜ್ಜುತ್ತವೆ. ರಿಪೇರಿಯವರು ಬಂದು ಕಂಬ ಸರಿ ಮಾಡುತ್ತಾರೆ. ಚಾಲಕ ಬಾಗಿಲಿನ ಗೀರು ನೋಡಿ ಬೈದುಕೊಳ್ಳುತ್ತಾ ಮನೆಗೆ ಹೋಗುತ್ತಾನೆ. 1997ರಲ್ಲಿ ಆ ದೇಶದ ರಸ್ತೆಗಳಲ್ಲಿ 541 ಜನ ಸತ್ತಿದ್ದರು. 2020ರಲ್ಲಿ ಅದು ಇನ್ನೂರರ ಆಸುಪಾಸಿಗೆ ಬಂದಿತ್ತು. ಸೊನ್ನೆ ಆಗಿಲ್ಲ, ಸರಿ. ಆದರೆ ಅದು ಸಣ್ಣ ಇಳಿಕೆಯಲ್ಲ.

"ಹಾಗಾದರೆ 94 ಶೇಕಡಾ ಅಪಘಾತ ಮನುಷ್ಯನ ತಪ್ಪಿನಿಂದಲೇ ಅಂತಾರಲ್ಲ?" ಅಂತ ಕೇಳುವವರಿದ್ದಾರೆ. ಈ 94ರ ಕಥೆ ಗೊತ್ತಾ? ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2015ರಲ್ಲಿ ಪ್ರಕಟಿಸಿದ ಎರಡು ಪುಟದ ಟಿಪ್ಪಣಿಯಿಂದ ಬಂದದ್ದು ಅದು. ಡಿಕ್ಕಿಗೆ ಮುಂಚಿನ ಸರಪಳಿಯಲ್ಲಿ ಕಟ್ಟಕಡೆಯ ಕೊಂಡಿ ಯಾವುದು ಅಂತ ಅವರು ನೋಡಿದ್ದರು. ಅಂಥ ಕೊಂಡಿ ಹೆಚ್ಚಿನ ಸಲ ಚಾಲಕನೇ ಆಗಿದ್ದ. ಇದನ್ನು ಡಿಕ್ಕಿಯ ಕಾರಣ ಅಂತ ಓದಬೇಡಿ ಅಂತ ಅದೇ ಟಿಪ್ಪಣಿಯಲ್ಲಿ ಬರೆದಿದೆ. ಯಾರು ಓದಿದರು? ಅಂಕಿ ಮಾತ್ರ ಹಾರಿಕೊಂಡು ಜಗತ್ತೆಲ್ಲ ಸುತ್ತಿತು. ತಾನೇ ಓಡುವ ಕಾರು ಮಾರುವವರಿಗಂತೂ ಅದು ಹಬ್ಬ.

ಇನ್ನೊಂದು ವಿಷಯ ಓದಿ ನನಗೇ ಆಶ್ಚರ್ಯವಾಯಿತು. ಲೈಸೆನ್ಸ್ ಸಿಕ್ಕಿದ ಮೇಲೆ ಚಾಲಕರಿಗೆ ಕೊಡುವ ತಿಳಿವಳಿಕೆ ಪಾಠಗಳಿಂದ ಡಿಕ್ಕಿ, ಗಾಯ ಕಡಿಮೆಯಾಗುತ್ತವೆಯೇ ಅಂತ, ಆರೋಗ್ಯದ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಂಶೋಧಕರು ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಕಡಿಮೆಯಾಗುತ್ತವೆ ಅನ್ನಲು ಪುರಾವೆ ಸಿಗಲಿಲ್ಲ. ಶಾಲೆಯಲ್ಲೇ ಡ್ರೈವಿಂಗ್ ಕಲಿಸಿದರೆ ಹುಡುಗರು ಬೇಗ ಲೈಸೆನ್ಸ್ ಮಾಡಿಸಿಕೊಳ್ಳುತ್ತಾರೆ ಅಷ್ಟೇ ಅಂತ ಇನ್ನೊಂದು ಪರಿಶೀಲನೆ ಹೇಳಿತು. ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಬ್ಯಾನರ್ ಕಟ್ಟುವವರು ಇದನ್ನೊಮ್ಮೆ ನೋಡಬೇಕು.

ಹಾಗಂತ ಚಾಲಕನಿಗೆ ಪೂರ್ತಿ ಮಾಫಿ ಅಂತ ನಾನು ಹೇಳುತ್ತಿಲ್ಲ. ಕುಡಿದು ಓಡಿಸುವವನನ್ನು ಹಿಡಿಯಲೇಬೇಕು. ಹೆಲ್ಮೆಟ್ ವಿಷಯದಲ್ಲಿ ವಾದಕ್ಕೇ ಜಾಗವಿಲ್ಲ. ಬೈಕಿನವರಲ್ಲಿ ಸಾವಿನ ಅಪಾಯ ಅದು ಸುಮಾರು 42 ಶೇಕಡಾ, ತಲೆಯ ಗಾಯದ ಅಪಾಯ 69 ಶೇಕಡಾ ಕಡಿಮೆ ಮಾಡುತ್ತದೆ. ವಿಯೆಟ್ನಾಂ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಕಡ್ಡಾಯ ಮಾಡಿತು. ಬೆಳಗಾಗುವುದರೊಳಗೆ ದೇಶದ ತಲೆಗಳೆಲ್ಲ ಮುಚ್ಚಿದವು. ಕಾನೂನು ಕೆಲಸ ಮಾಡುತ್ತದೆ, ಹಿಡಿಯುವವರು ದಿನಾ ಹಿಡಿದರೆ. ಇನ್ನು ಕಿವಿಗೆ ಸಿಕ್ಕಿಸಿಕೊಂಡು ಮಾತಾಡುತ್ತಾ ಓಡಿಸುವ ಸ್ನೇಹಿತರಿಗೆ ಒಂದು ಮಾತು: 1997ರಲ್ಲೇ ಟೊರಾಂಟೋದ ಸಂಶೋಧಕರು ನೋಡಿದ್ದಾರೆ. ಫೋನ್ ಮಾತಾಡುವಾಗ ಡಿಕ್ಕಿಯ ಅಪಾಯ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದಿದ್ದರೂ ಅದೇನೂ ಇಳಿಯಲಿಲ್ಲ. ನಾನೂ ಮಾಡುತ್ತಿದ್ದೆ, ಬಿಟ್ಟಿದ್ದೇನೆ.

ನಿಜವಾದ ಜಗಳ ಇರುವುದು ವೇಗದ ಬಗ್ಗೆ. ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಯೋರಾನ್ ನಿಲ್ಸನ್ ಅವರ ಲೆಕ್ಕದ ಪ್ರಕಾರ ಒಂದು ರಸ್ತೆಯ ಸರಾಸರಿ ವೇಗ 1 ಶೇಕಡಾ ಏರಿದರೆ ಸಾವಿನ ಡಿಕ್ಕಿಗಳು ಸುಮಾರು 4 ಶೇಕಡಾ ಏರುತ್ತವೆ. ಕಾಲ್ನಡಿಗೆಯವರು ಓಡಾಡುವ ಕಡೆ ಗಂಟೆಗೆ 30 ಕಿಲೋಮೀಟರ್ ಸಾಕು ಅಂತ 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಮಂತ್ರಿಗಳ ಸಮ್ಮೇಳನವೇ ಹೇಳಿತು. ಹೇಳುವುದು ಸುಲಭ. ವೇಲ್ಸ್ 2023ರ ಸೆಪ್ಟೆಂಬರ್‌ನಲ್ಲಿ ಮನೆಗಳಿರುವ ರಸ್ತೆಗಳ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿದಾಗ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ವಿರೋಧದ ಅರ್ಜಿಗೆ ಸಹಿ ಹಾಕಿದರು. ಮೊದಲ ವರ್ಷದಲ್ಲೇ ಆ ರಸ್ತೆಗಳಲ್ಲಿ ಗಾಯಗೊಂಡವರ ಸಂಖ್ಯೆ ಇಳಿಯಿತು. ಸಹಿ ಹಾಕಿದವರು ಕೆಟ್ಟವರಲ್ಲ. ಅವರಿಗೆ ಐದು ನಿಮಿಷ ತಡವಾಗಿದ್ದು ಕಾಣುತ್ತದೆ. ಸಾಯದೇ ಉಳಿದವನು ಯಾರ ಕಣ್ಣಿಗೂ ಕಾಣುವುದಿಲ್ಲ, ತಾನು ಉಳಿದೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ಹಟ ಹಿಡಿದು ಅರ್ಧಕ್ಕಿಂತ ಹೆಚ್ಚು ಬೀದಿಗಳನ್ನು 30 ಕಿಲೋಮೀಟರಿಗೆ ತಂದಿತು. 2025ರ ಜುಲೈ ಹೊತ್ತಿಗೆ ಆ ರಾಜಧಾನಿಯಲ್ಲಿ ಇಡೀ ಒಂದು ವರ್ಷ ರಸ್ತೆಯಲ್ಲಿ ಒಬ್ಬರೂ ಸತ್ತಿರಲಿಲ್ಲ.

ಇನ್ನು ಜಗತ್ತಿನ ಲೆಕ್ಕ. ವಿಶ್ವಸಂಸ್ಥೆ 2011ರಿಂದ 2020ನ್ನು ರಸ್ತೆ ಸುರಕ್ಷತೆಯ ದಶಕ ಅಂತ ಸಾರಿತು. 2020ಕ್ಕೆ ಸಾವು ಅರ್ಧ ಆಗಬೇಕು ಅನ್ನುವ ಗುರಿಯೂ ಬಂತು. ಆಗಲಿಲ್ಲ. ಮತ್ತೊಂದು ದಶಕ ಸಾರಿದರು, 2021ರಿಂದ 2030. ಗುರಿ ಅದೇ ಅರ್ಧ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಸತ್ತವರು 11.9 ಲಕ್ಷ ಜನ, 2010ಕ್ಕಿಂತ 5 ಶೇಕಡಾ ಕಡಿಮೆ. ನಗಬೇಕೋ ಅಳಬೇಕೋ ಗೊತ್ತಾಗದ ಅಂಕಿ ಇದು. ಆ ಅವಧಿಯಲ್ಲಿ ವಾಹನಗಳು ದುಪ್ಪಟ್ಟಿಗಿಂತ ಜಾಸ್ತಿಯಾದವು, ಹಾಗಾಗಿ 5 ಶೇಕಡಾ ಇಳಿದದ್ದೂ ಸಣ್ಣದಲ್ಲ. ಆದರೆ 5ರಿಂದ 29 ವರ್ಷದವರನ್ನು ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ಕೊಲ್ಲುತ್ತಿರುವುದು ರಸ್ತೆಯೇ. ಯಾವ ಕಾಯಿಲೆಯೂ ಅಲ್ಲ.

ಸತ್ತವರಲ್ಲಿ 92 ಶೇಕಡಾ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಜಗತ್ತಿನ ವಾಹನಗಳಲ್ಲಿ ಅಲ್ಲಿರುವುದು ಸುಮಾರು 60 ಶೇಕಡಾ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ಕಾರಿನಲ್ಲೇ ಇರಲಿಲ್ಲ. ನಡೆಯುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು, ಬೈಕಿನವರು. ಡಿಹೇವನ್ ಮೊಟ್ಟೆಗೆ ಹಾಸಿದ ಮೆತ್ತೆ ಇವರ ತನಕ ಬಂದೇ ಇಲ್ಲ.

ಮಂತ್ರಿಗಳ ಈ ರಸ್ತೆ ಸುರಕ್ಷತಾ ಸಮ್ಮೇಳನಗಳ ಬಗ್ಗೆ ನನ್ನ ತಕರಾರೂ ಇಲ್ಲೇ. 2009ರಲ್ಲಿ ಮಾಸ್ಕೋ, 2015ರಲ್ಲಿ ಬ್ರೆಸಿಲಿಯಾ, ಆಮೇಲೆ ಸ್ಟಾಕ್‌ಹೋಮ್, 2025ರಲ್ಲಿ ಮರ್ರಾಕೆಶ್. ಪ್ರತಿ ಸಲ ಒಂದು ಘೋಷಣೆ ಬರುತ್ತದೆ, ಭಾಷೆ ಚೆನ್ನಾಗಿರುತ್ತದೆ. ಇನ್ನೊಂದು ಕಡೆ 2015ರಿಂದ 2018ರ ನಡುವೆ 1.4 ಕೋಟಿ ಹಳೆಯ ಕಾರು, ವ್ಯಾನುಗಳು ಯುರೋಪ್, ಅಮೆರಿಕ, ಜಪಾನ್‌ನಂಥ ಕಡೆಗಳಿಂದ ರಫ್ತಾದವು ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿಯೇ ಹೇಳುತ್ತದೆ. ಅವುಗಳಲ್ಲಿ 80 ಶೇಕಡಾ ಹೋಗಿದ್ದು ಇದೇ ಬಡ, ಮಧ್ಯಮ ಆದಾಯದ ದೇಶಗಳಿಗೆ. ನೆದರ್ಲ್ಯಾಂಡ್ಸ್ ತನ್ನ ಬಂದರುಗಳಿಂದ ಆಫ್ರಿಕಾಕ್ಕೆ ಹೊರಟ ಗಾಡಿಗಳನ್ನು ತಪಾಸಣೆ ಮಾಡಿದಾಗ ಹೆಚ್ಚಿನವಕ್ಕೆ ರಸ್ತೆಗಿಳಿಯುವ ಯೋಗ್ಯತಾ ಪತ್ರವೇ ಇರಲಿಲ್ಲ. ತನ್ನ ಮನೆಯ ಬಾಲ್ಕನಿಗೆ ಕಂಬಿ ಹಾಕಿಸಿಕೊಂಡು, ಮುರಿದ ಹಳೆ ಏಣಿಯನ್ನು ಪಕ್ಕದ ಮನೆಗೆ ಮಾರಿದ ಹಾಗಾಯಿತು.

ಕೊನೆಗೊಂದು ಪದದ ವಿಷಯ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನ ಪುಟಗಳಲ್ಲಿ "ಆಕ್ಸಿಡೆಂಟ್" ಅನ್ನುವ ಪದ ಬಳಸುವುದಿಲ್ಲ ಅಂತ ಹೇಳಿತು. ಆ ಪದದಲ್ಲಿ "ಹಣೆಬರಹ, ಯಾರೇನು ಮಾಡೋಕಾಗುತ್ತೆ" ಅನ್ನುವ ವಾಸನೆ ಇದೆ ಅನ್ನುವುದು ಅವರ ವಾದ. ನಮ್ಮ "ಅಪಘಾತ"ದಲ್ಲೂ ಆ ವಾಸನೆ ಇದೆ ಅಂತ ನನಗೆ ಅನ್ನಿಸುತ್ತದೆ. "ಡಿಕ್ಕಿ" ಅಂದರೆ ಹಾಗಲ್ಲ. ಯಾವುದು, ಯಾವುದಕ್ಕೆ, ಎಷ್ಟು ವೇಗದಲ್ಲಿ ಅಂತ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಈ ಬರಹದಲ್ಲಿ ಆದಷ್ಟು ಡಿಕ್ಕಿ ಅಂತಲೇ ಬರೆಯಲು ನೋಡಿದ್ದೇನೆ. ಆದರೂ ಅಪಘಾತ ಅಂತ ಒಂದೆರಡು ಕಡೆ ನುಸುಳಿದೆ. ಒಂದು ಕಡೆಯಂತೂ ನನ್ನದೇ ಸಾವಿನ ಸುದ್ದಿ ಬರೆಯುವಾಗ.